ಗುಂಡಿ ಒತ್ತುವ ಮುನ್ನ ಕಂಡ ಚಿತ್ರ: ಆವಿಷ್ಕಾರವೋ, ಸಹಜ ಬುದ್ಧಿಯೋ?

ಮೊಬೈಲ್ ಫೋನನ್ನು ಎತ್ತಿ ಹಿಡಿದರೆ ಎದುರಿನ ದೃಶ್ಯ ಪರದೆಯ ಮೇಲೆ ಚಲಿಸತೊಡಗುತ್ತದೆ. ಸರಿಯಾದ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಅದೊಂದು ಸ್ಥಿರಚಿತ್ರವಾಗಿ ಫೋನಿನಲ್ಲಿ ಉಳಿಯುತ್ತದೆ. ಮದುವೆ ಮನೆಯಲ್ಲಿ, ರಥೋತ್ಸವದಲ್ಲಿ, ಮಗುವಿನ ಮೊದಲ ಹೆಜ್ಜೆಯ ಮುಂದೆ ನಾವೆಲ್ಲರೂ ಮಾಡುವ ಕೆಲಸವಿದು. ಇದರ ಹಿಂದೆ ಯಾರದೋ ಸ್ವಾಮ್ಯವಿರಬಹುದು ಎಂಬ ಯೋಚನೆ ಯಾರಿಗೂ ಬರುವುದಿಲ್ಲ.

ಆದರೆ ಸ್ವಾಮ್ಯವಿತ್ತು. ಅಮೆರಿಕದ ಕೊಡಕ್ ಕಂಪನಿಯ 6,292,218 ಸಂಖ್ಯೆಯ ಪೇಟೆಂಟಿನ 15ನೆಯ ಕ್ಲೇಮು ಈ ವ್ಯವಸ್ಥೆಯನ್ನೇ ಕುರಿತದ್ದು. ಅದನ್ನು ಮುಂದಿಟ್ಟುಕೊಂಡು ಕೊಡಕ್ ಜಗತ್ತಿನ ಅತಿ ದೊಡ್ಡ ಫೋನ್ ತಯಾರಕರ ಮೇಲೆ ವ್ಯಾಜ್ಯ ಹೂಡಿತು. 2009ರಿಂದ 2012ರವರೆಗೆ, ಕೇವಲ ಎರಡೂವರೆ ವರ್ಷಗಳ ಅವಧಿಯಲ್ಲಿ, ಆ ಒಂದು ಕ್ಲೇಮು ಸಿಂಧು ಎಂದೂ ಅಸಿಂಧು ಎಂದೂ ಮತ್ತೆ ಮತ್ತೆ ತೀರ್ಮಾನವಾಯಿತು. ತಕರಾರು ನಿಂತದ್ದು ಒಂದೇ ಒಂದು ಪ್ರಶ್ನೆಯ ಮೇಲೆ: ಈ ಕಲ್ಪನೆ ಆ ವಿದ್ಯೆ ಬಲ್ಲ ಯಾರಿಗಾದರೂ ಸಹಜವಾಗಿ ಹೊಳೆಯುವಂಥದೇ, ಅಲ್ಲವೇ?

ಪೇಟೆಂಟ್ ಕಾನೂನಿನಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ. ಕ್ಯಾಮೆರಾ ತಂತ್ರಾಂಶ ಬರೆಯುವ ಸಾವಿರಾರು ಎಂಜಿನಿಯರುಗಳಿರುವ ನಮ್ಮ ರಾಜ್ಯಕ್ಕೂ ಈ ಪ್ರಕರಣದಿಂದ ಕಲಿಯಬೇಕಾದುದಿದೆ.

ಕ್ಲೇಮಿನಲ್ಲಿ ಇದ್ದದ್ದೇನು?

ಪೇಟೆಂಟ್ ಪತ್ರದ ಕೊನೆಯಲ್ಲಿ ಕ್ರಮಸಂಖ್ಯೆ ಹಾಕಿ ಬರೆಯುವ ಹಕ್ಕುಕೋರಿಕೆಯ ವಾಕ್ಯಗಳಿಗೆ ಕ್ಲೇಮು ಎನ್ನುತ್ತಾರೆ. ಜಮೀನಿಗೆ ಚಕ್ಕುಬಂದಿ ಇದ್ದಂತೆ ಪೇಟೆಂಟಿಗೆ ಕ್ಲೇಮು. ಅದರೊಳಗೆ ಬಂದದ್ದು ಮಾತ್ರ ಒಡೆಯನದು, ಹೊರಗಿನದು ಎಲ್ಲರದು. ಹೀಗಾಗಿ ಒಂದು ಕಲ್ಪನೆ ಸಹಜವೇ ಎಂದು ನೋಡುವಾಗ ಉತ್ಪನ್ನದ ಖ್ಯಾತಿಯನ್ನಾಗಲೀ ಕಂಪನಿಯ ಇತಿಹಾಸವನ್ನಾಗಲೀ ನೋಡುವಂತಿಲ್ಲ. ಕ್ಲೇಮಿನ ಮಾತುಗಳನ್ನಷ್ಟೇ ನೋಡಬೇಕು.

ಕೊಡಕ್ ಪೇಟೆಂಟಿನ ಮೂಲ ಅರ್ಜಿ 1994ರ ಡಿಸೆಂಬರ್ ಅಂತ್ಯದ್ದು. ಪೇಟೆಂಟ್ ದೊರೆತದ್ದು 2001ರ ಸೆಪ್ಟೆಂಬರ್‌ನಲ್ಲಿ. ಅಂದಿನ ತಾಂತ್ರಿಕ ಸಮಸ್ಯೆ ಹೀಗಿತ್ತು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳ ಚೌಕಳಿ ಹಾಸು ಇರುತ್ತದೆ. ಪ್ರತಿ ಬಿಂದುವೂ ಒಂದು ಬಣ್ಣವನ್ನು ಮಾತ್ರ ಗ್ರಹಿಸುತ್ತದೆ. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಿ ತುಂಬಬೇಕು. ಈ ಲೆಕ್ಕವನ್ನು ಚೆನ್ನಾಗಿ ಮಾಡಲು ಸಮಯ ಬೇಕು. ಆದರೆ ಪರದೆಯ ಮೇಲಿನ ಮುನ್ನೋಟ ತಡವರಿಸದೆ ಚಲಿಸಬೇಕಾದರೆ ಸಮಯವಿಲ್ಲ. ಅಂದಿನ ಸಂಸ್ಕಾರಕಗಳಿಗೆ ಎರಡನ್ನೂ ಏಕಕಾಲಕ್ಕೆ ನಿಭಾಯಿಸುವ ಶಕ್ತಿಯೂ ಇರಲಿಲ್ಲ.

ಕೊಡಕ್ ಸೂಚಿಸಿದ ಪರಿಹಾರವೆಂದರೆ ದಾರಿಯನ್ನು ಎರಡಾಗಿ ಸೀಳುವುದು. ಮುನ್ನೋಟಕ್ಕೆ ಕಡಿಮೆ ಬಿಂದುಗಳ, ಆದರೆ ಮೂರೂ ಬಣ್ಣಗಳನ್ನು ಉಳಿಸಿಕೊಂಡ ವೇಗದ ಸಂಸ್ಕರಣೆ. ಗುಂಡಿ ಒತ್ತಿದಾಗ ಸ್ಥಿರಚಿತ್ರಕ್ಕೆ ಬೇರೊಂದು, ಹೆಚ್ಚು ಗುಣಮಟ್ಟದ ಸಂಸ್ಕರಣೆ. ಸೆನ್ಸರ್, ಚಲನಚಿತ್ರ ಸಂಸ್ಕಾರಕ, ಬಣ್ಣದ ಪರದೆ, ಮುನ್ನೋಟ ನಡೆಯುತ್ತಿರುವಾಗಲೇ ಸ್ಥಿರಚಿತ್ರ ಹಿಡಿಯಲು ಗುಂಡಿ, ಸ್ಥಿರಚಿತ್ರ ಸಂಸ್ಕಾರಕ, ಸ್ಮೃತಿಕೋಶ – ಇವಿಷ್ಟೂ ಕೂಡಿದರೆ 15ನೆಯ ಕ್ಲೇಮು.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪಟ್ಟಿಯಲ್ಲಿರುವ ಯಾವ ಬಿಡಿಭಾಗವೂ ಹೊಸದಲ್ಲ. ಬಣ್ಣದ ಚೌಕಳಿ ಶೋಧಕವನ್ನು ರೂಪಿಸಿದವರು ಕೊಡಕ್ಕಿನವರೇ ಆದ ಬ್ರೈಸ್ ಬೇಯರ್. ಅದರ ಪೇಟೆಂಟ್ 1976ರದು. ಅದೇ ಕಂಪನಿಯ ಸ್ಟೀವನ್ ಸಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ ಕಟ್ಟಿದ್ದರು. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಬಣ್ಣದ ದೊಡ್ಡ ಪರದೆಯ ವಿಡಿಯೊ ಕ್ಯಾಮೆರಾವನ್ನು ಜಪಾನಿನ ಶಾರ್ಪ್ ಕಂಪನಿ 1992ರಲ್ಲೇ ಮಾರುಕಟ್ಟೆಗೆ ತಂದಿತ್ತು. ಹೀಗಾಗಿ ಪ್ರಶ್ನೆ ಬಿಡಿಭಾಗಗಳದ್ದಲ್ಲ, ಜೋಡಣೆಯದ್ದು.

ಒಂದೇ ಕ್ಲೇಮು, ಹಲವು ತೀರ್ಮಾನ

ಕೊಡಕ್ ಮೊದಲು ಹೋದದ್ದು ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಕಂಪನಿಗಳ ವಿರುದ್ಧ. ವೇದಿಕೆ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ. ಪೇಟೆಂಟ್ ಉಲ್ಲಂಘಿಸುವ ಸರಕಿನ ಆಮದನ್ನು ತಡೆಯುವ ಅಧಿಕಾರ ಈ ಆಯೋಗಕ್ಕಿದೆ. 2009ರ ಡಿಸೆಂಬರ್‌ನಲ್ಲಿ ಆಯೋಗದ ಆಡಳಿತ ನ್ಯಾಯಾಧೀಶರು ಪೇಟೆಂಟ್ ಸಿಂಧುವೆಂದೂ ಉಲ್ಲಂಘನೆ ನಡೆದಿದೆಯೆಂದೂ ಹೇಳಿದರು. ವ್ಯಾಜ್ಯ ಒಪ್ಪಂದದಲ್ಲಿ ಮುಗಿಯಿತು. ಸ್ಯಾಮ್‌ಸಂಗ್ 55 ಕೋಟಿ ಡಾಲರ್, ಎಲ್‌ಜಿ 41.4 ಕೋಟಿ ಡಾಲರ್ ತೆತ್ತವು.

ಈ ಗೆಲುವಿನ ಹುರುಪಿನಲ್ಲಿ ಕೊಡಕ್ 2010ರ ಜನವರಿಯಲ್ಲಿ ಆ್ಯಪಲ್ ಮತ್ತು ಬ್ಲ್ಯಾಕ್‌ಬೆರಿ ತಯಾರಕ ರಿಸರ್ಚ್ ಇನ್ ಮೋಷನ್ ವಿರುದ್ಧ ಅದೇ ಆಯೋಗಕ್ಕೆ ದೂರು ಕೊಟ್ಟಿತು. 2010ರ ಡಿಸೆಂಬರ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಮರುಪರೀಕ್ಷೆ ನಡೆಸಿ ಪೇಟೆಂಟನ್ನು ಎತ್ತಿಹಿಡಿಯಿತು. ಆದರೆ ಮರುತಿಂಗಳೇ, 2011ರ ಜನವರಿಯಲ್ಲಿ, ಆಯೋಗದ ಇನ್ನೊಬ್ಬ ಆಡಳಿತ ನ್ಯಾಯಾಧೀಶರು ಅದೇ ಕ್ಲೇಮನ್ನು ಸಹಜವಾಗಿ ಹೊಳೆಯುವಂಥದು ಎಂದು ತಳ್ಳಿಹಾಕಿದರು. ಆಯೋಗ ಆ ತೀರ್ಮಾನದ ಕೆಲವು ಅಂಶಗಳನ್ನು ಬದಲಿಸಿ ಮರುವಿಚಾರಣೆಗೆ ಕಳಿಸಿತು. 2012ರ ಮೇ ತಿಂಗಳಲ್ಲಿ ಮೂರನೆಯ ನ್ಯಾಯಾಧೀಶರು, ಕೆಲವು ಫೋನುಗಳು ಕ್ಲೇಮಿನ ಗಡಿಯೊಳಗೆ ಬರುತ್ತವೆ, ಆದರೆ ಕ್ಲೇಮೇ ಅಸಿಂಧು ಎಂದರು. ಜುಲೈನಲ್ಲಿ ಆಯೋಗ ಇದಕ್ಕೆ ಮುದ್ರೆ ಒತ್ತಿತು.

ಈ ನಡುವೆ 2012ರ ಜನವರಿ 19ರಂದು ಕೊಡಕ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಗಿತ್ತು. ಆ್ಯಪಲ್ ಮತ್ತು ಬ್ಲ್ಯಾಕ್‌ಬೆರಿಯಿಂದ 100 ಕೋಟಿ ಡಾಲರ್‌ವರೆಗೆ ಬರಬಹುದೆಂದು ಹಿಂದಿನ ವರ್ಷವಷ್ಟೇ ಅದರ ಮುಖ್ಯಸ್ಥರು ನಿರೀಕ್ಷೆ ವ್ಯಕ್ತಪಡಿಸಿದ್ದರು. ಸುಮಾರು 1,100 ಡಿಜಿಟಲ್ ಚಿತ್ರಣ ಪೇಟೆಂಟುಗಳಿಗೆ 200 ಕೋಟಿ ಡಾಲರ್‌ಗೂ ಮೀರಿದ ಬೆಲೆಯ ಅಂದಾಜಿತ್ತು. 2012ರ ಡಿಸೆಂಬರ್‌ನಲ್ಲಿ ಕೈಗೆ ಬಂದದ್ದು ಸುಮಾರು 52.5 ಕೋಟಿ ಡಾಲರ್. ಕೊಂಡವರ ಕೂಟದಲ್ಲಿ ಪ್ರತಿವಾದಿಗಳಾಗಿದ್ದ ಆ್ಯಪಲ್ ಮತ್ತು ರಿಸರ್ಚ್ ಇನ್ ಮೋಷನ್ ಕೂಡ ಇದ್ದವು. ಕಂಪನಿಯ ಅಮೆರಿಕದ ನಿವೃತ್ತ ನೌಕರರ ಆರೋಗ್ಯ ಸೌಲಭ್ಯ ಅದೇ ವರ್ಷದ ಕೊನೆಗೆ ನಿಂತುಹೋಯಿತು. ಈ ಎಲ್ಲಕ್ಕೂ ಒಂದು ಕ್ಲೇಮೇ ಕಾರಣವೆನ್ನಲಾಗದು. ಫಿಲ್ಮ್ ವ್ಯಾಪಾರದ ಕುಸಿತ ದೊಡ್ಡ ಕಾರಣ. ಆದರೆ ಪೇಟೆಂಟಿನ ಆದಾಯವನ್ನೇ ಊರುಗೋಲಾಗಿ ನಂಬಿದ್ದ ಕಂಪನಿಗೆ ಆ ತೀರ್ಪಿನ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ.

ಅಳತೆಗೋಲು ಯಾವುದು?

'ಸಹಜ' ಎಂಬುದನ್ನು ಅಳೆಯುವ ಯತ್ನಕ್ಕೆ ಅಮೆರಿಕದಲ್ಲಿ ಒಂದೂಮುಕ್ಕಾಲು ಶತಮಾನದ ಇತಿಹಾಸವಿದೆ. 1851ರಲ್ಲಿ ಬಾಗಿಲ ಹಿಡಿಯೊಂದರ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂತು. ಮರ ಅಥವಾ ಲೋಹದ ಬದಲು ಜೇಡಿಮಣ್ಣಿನಿಂದ ಹಿಡಿ ಮಾಡಿದ್ದಷ್ಟೇ ಹೊಸತನ. ಅದು ನುರಿತ ಕುಶಲಕರ್ಮಿಯ ಕೆಲಸವೇ ಹೊರತು ಆವಿಷ್ಕಾರಕನದಲ್ಲ ಎಂದು ನ್ಯಾಯಾಲಯ ಹೇಳಿತು. 1952ರ ಪೇಟೆಂಟ್ ಕಾಯ್ದೆ ಈ ತತ್ವವನ್ನು ಶಾಸನದೊಳಗೆ ತಂದಿತು.

1966ರ ಗ್ರಹಾಂ ಪ್ರಕರಣ ನೇಗಿಲಿಗೆ ಸಂಬಂಧಿಸಿದ್ದು. ಅಲ್ಲಿ ನ್ಯಾಯಾಲಯ ಮೂರು ಸಂಗತಿಗಳನ್ನು ಮೊದಲು ನಿರ್ಧರಿಸಬೇಕೆಂದಿತು: ಆವರೆಗಿನ ಪೂರ್ವಜ್ಞಾನ ಎಷ್ಟು, ಅದಕ್ಕೂ ಕ್ಲೇಮಿಗೂ ಇರುವ ಅಂತರವೇನು, ಆ ವಿದ್ಯೆಯಲ್ಲಿ ಸಾಮಾನ್ಯ ಪರಿಣತನ ಮಟ್ಟ ಯಾವುದು. ಇವುಗಳ ಜೊತೆಗೆ ವ್ಯಾಪಾರದ ಯಶಸ್ಸು, ಬಹುಕಾಲ ಈಡೇರದೆ ಉಳಿದ ಅಗತ್ಯ, ಇತರರ ವಿಫಲ ಪ್ರಯತ್ನ ಮುಂತಾದ ಪೂರಕ ಸಾಕ್ಷ್ಯಗಳನ್ನೂ ತೂಗಬಹುದು.

ಆಮೇಲೆ ಕೆಳಗಿನ ನ್ಯಾಯಾಲಯಗಳು ಇನ್ನಷ್ಟು ಬಿಗಿಯಾದ ಸೂತ್ರ ಹಿಡಿದವು. ಎರಡು ಹಳೆಯ ದಾಖಲೆಗಳನ್ನು ಜೋಡಿಸಬೇಕಾದರೆ ಹಾಗೆ ಜೋಡಿಸುವ ಸೂಚನೆ ಎಲ್ಲಾದರೂ ಇರಬೇಕು ಎಂಬುದು ಆ ಸೂತ್ರ. ಕಾರಿನ ಪೆಡಲಿಗೆ ಸಂಬಂಧಿಸಿದ ಕೆಎಸ್‌ಆರ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಇದನ್ನು ಸಡಿಲಿಸಿತು. ಪರಿಣತನೆಂದರೆ ಹೇಳಿದಷ್ಟೇ ಮಾಡುವ ಯಂತ್ರವಲ್ಲ, ಅವನಿಗೂ ಸಾಮಾನ್ಯ ಬುದ್ಧಿ ಮತ್ತು ಸೃಜನಶೀಲತೆ ಇರುತ್ತದೆ ಎಂಬುದು ಅದರ ಸಾರ. ತಿಳಿದ ಭಾಗಗಳನ್ನು ತಿಳಿದ ರೀತಿಯಲ್ಲಿ ಜೋಡಿಸಿ ನಿರೀಕ್ಷಿತ ಫಲವನ್ನಷ್ಟೇ ಪಡೆದರೆ ಪೇಟೆಂಟ್ ನಿಲ್ಲುವುದು ಕಷ್ಟವಾಯಿತು. ಡಿಜಿಟಲ್ ಚಿತ್ರಣದಂಥ ಕ್ಷೇತ್ರಕ್ಕೆ, ಅಂದರೆ ಬಹುಪಾಲು ಹೊಸತು ಜೋಡಣೆಯಿಂದಲೇ ಬರುವ ಕ್ಷೇತ್ರಕ್ಕೆ, ಈ ತೀರ್ಪಿನ ಬಿಸಿ ಹೆಚ್ಚು ತಟ್ಟಿತು.

ಎರಡೂ ಕಡೆಯ ತೂಕ

ಈ ಅಳತೆಗೋಲನ್ನು ಕೊಡಕ್ ಕ್ಲೇಮಿಗೆ ಹಿಡಿದು ನೋಡೋಣ. ಕ್ಲೇಮಿನ ವಿರುದ್ಧದ ವಾದ ಸರಳ. ಪರದೆ ಚಿಕ್ಕದು, ಸೆನ್ಸರ್ ದೊಡ್ಡದು. ಸಣ್ಣ ಪರದೆಯಲ್ಲಿ ತೋರಿಸಲು ಬಿಂದುಗಳನ್ನು ಕಡಿಮೆ ಮಾಡಲೇಬೇಕು. ಉಳಿಸಿಕೊಳ್ಳುವ ಚಿತ್ರ ಚೆನ್ನಾಗಿರಬೇಕೆಂದು ಯಾರಾದರೂ ಬಯಸುತ್ತಾರೆ. ಒಂದಕ್ಕೆ ವೇಗ, ಇನ್ನೊಂದಕ್ಕೆ ಗುಣಮಟ್ಟ ಎಂದು ಕೆಲಸ ಹಂಚುವುದು ಎಂಜಿನಿಯರಿಗೆ ನಿತ್ಯದ ಸಂಗತಿ. ಯಾವ ಭಾಗವೂ ತನ್ನ ಹಳೆಯ ಕೆಲಸ ಬಿಟ್ಟು ಹೊಸದೇನನ್ನೂ ಮಾಡುತ್ತಿಲ್ಲ.

ಪರವಾದ ವಾದವೂ ಹಗುರವಲ್ಲ. ಅಂದು ಬಹುತೇಕ ಡಿಜಿಟಲ್ ಕ್ಯಾಮೆರಾಗಳಿಗೆ ಬಣ್ಣದ ಮುನ್ನೋಟವೇ ಇರಲಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯಷ್ಟೇ ಇತ್ತು. ಬಿಂದುಗಳನ್ನು ಕಡಿಮೆ ಮಾಡುವಾಗ ಚೌಕಳಿಯ ಬಣ್ಣಗಳ ಹೊಂದಿಕೆ ಕೆಡದಂತೆ ನೋಡಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ಇಂದು ಕೋಟ್ಯಂತರ ಫೋನುಗಳಲ್ಲಿ ಕಾಣುತ್ತಿರುವುದರಿಂದಲೇ ಅದು ನಮಗೆ ಸಹಜವೆನ್ನಿಸುತ್ತದೆ.

ಈ ಕೊನೆಯ ಮಾತಿನಲ್ಲೇ ಪ್ರಶ್ನೆಯ ತಿರುಳಿದೆ. ಉತ್ತರ ತಿಳಿದ ಮೇಲೆ ಒಗಟು ಒಗಟಾಗಿ ಉಳಿಯುವುದಿಲ್ಲ. ಅಟ್ಟ ಮೇಲೆ ಒಲೆ ಉರಿದಂತೆ, ಎಲ್ಲ ಮುಗಿದ ಮೇಲೆ ಬರುವ ಬುದ್ಧಿಯಿಂದ ಹಿಂದಿನವರ ಬುದ್ಧಿಯನ್ನು ಅಳೆಯಲಾಗದು. 2012ರಲ್ಲಿ ಕುಳಿತ ನ್ಯಾಯಾಧೀಶರು 1994ರ ಎಂಜಿನಿಯರನ ತಲೆಯೊಳಗೆ ಹೋಗಿ, ಆಮೇಲಿನ 18 ವರ್ಷಗಳನ್ನು ಮರೆತು ಯೋಚಿಸಬೇಕು. ಕಾನೂನು ಕೇಳುವುದು ಇದನ್ನೇ. ಮನುಷ್ಯನ ಮನಸ್ಸಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ.

ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಅಷ್ಟು ಹಣ ತೆತ್ತದ್ದು ಕ್ಲೇಮಿನ ಯೋಗ್ಯತೆಗೆ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಭಾಗಶಃ ಮಾತ್ರ. ಆಮದು ನಿಷೇಧದ ಕತ್ತಿ ತಲೆಯ ಮೇಲೆ ತೂಗುತ್ತಿರುವಾಗ ಮಾಡಿಕೊಂಡ ಒಪ್ಪಂದ ಆವಿಷ್ಕಾರದ ಮೆಚ್ಚುಗೆಯೇ ಆಗಿರಬೇಕಿಲ್ಲ, ನಷ್ಟದ ಲೆಕ್ಕಾಚಾರವೂ ಆಗಿರಬಹುದು.

ತೀರ್ಮಾನ ಏಕೆ ಬದಲಾಯಿತು?

ವಿಚಿತ್ರವೆಂದರೆ, ಪೇಟೆಂಟ್ ಕಚೇರಿಯ ಮರುಪರೀಕ್ಷೆಯಲ್ಲಿ ಪೇಟೆಂಟ್ ಸಿಂಧುವೆಂಬ ಪೂರ್ವಭಾವನೆ ಇರುವುದಿಲ್ಲ. ಆಯೋಗದಲ್ಲಿ ಇರುತ್ತದೆ, ಅದನ್ನು ಮುರಿಯಲು ಸ್ಪಷ್ಟವೂ ಮನವೊಪ್ಪಿಸುವಂಥದೂ ಆದ ಸಾಕ್ಷ್ಯ ಬೇಕು. ಅಂದರೆ ಪೇಟೆಂಟ್ ಬೀಳುವುದು ಸುಲಭವಿದ್ದ ಕಡೆ ಅದು ಉಳಿಯಿತು, ಕಷ್ಟವಿದ್ದ ಕಡೆ ಬಿತ್ತು.

ಇದಕ್ಕೆ ಒಂದು ಕಾರಣ ವಿಚಾರಣೆಯ ಸ್ವರೂಪದಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಮರುಪರೀಕ್ಷೆ ನಡೆಯುವುದು ಕಾಗದದ ಮೇಲೆ. ಹಳೆಯ ಪೇಟೆಂಟುಗಳು ಮತ್ತು ಪ್ರಕಟಿತ ಬರಹಗಳಷ್ಟೇ ಅಲ್ಲಿನ ಆಧಾರ. ಆಯೋಗದಲ್ಲಿ ತಜ್ಞರು ಬಂದು ನಿಲ್ಲುತ್ತಾರೆ, ಪಾಟೀಸವಾಲು ನಡೆಯುತ್ತದೆ, ಎದುರಾಳಿ ತನ್ನ ಖರ್ಚಿನಲ್ಲಿ ಜಗತ್ತಿನೆಲ್ಲ ದಾಖಲೆ ಜಾಲಾಡಿ ತರುತ್ತಾನೆ. ಯಾರು ಎದುರಾಳಿ, ಏನು ಹುಡುಕಿ ತಂದ, ಯಾವ ತಜ್ಞನ ಮಾತು ನಂಬಿಕೆಗೆ ಅರ್ಹವೆನ್ನಿಸಿತು ಎಂಬುದರ ಮೇಲೆ 'ಸಹಜ'ದ ಉತ್ತರ ಬದಲಾಗುತ್ತದೆ. ಹೀಗಾಗಿ ಒಂದು ವೇದಿಕೆಯ ಮುದ್ರೆಯನ್ನು ಅಂತಿಮವೆಂದು ನಂಬುವುದು ಅಪಾಯ. ಕೊಡಕ್ ಆ ಅಪಾಯಕ್ಕೆ ಒಳಗಾಯಿತು.

ಅದೇ ಕೊಡಕ್ ಹಿಂದೊಮ್ಮೆ ಇದೇ ವಾದದ ಎದುರು ಬದಿಯಲ್ಲಿ ನಿಂತಿತ್ತೆಂಬುದು ಇನ್ನೂ ಸ್ವಾರಸ್ಯಕರ. ತೆಗೆದ ಕೂಡಲೇ ಕೈಗೆ ಬರುವ ಚಿತ್ರದ ತಂತ್ರಜ್ಞಾನವನ್ನು ಕದ್ದಿದೆಯೆಂದು ಪೋಲರಾಯ್ಡ್ ಕಂಪನಿ 1976ರಲ್ಲಿ ಕೊಡಕ್ ಮೇಲೆ ದಾವೆ ಹೂಡಿತು. ಪೇಟೆಂಟುಗಳು ಸಹಜ ಸುಧಾರಣೆಗಳಷ್ಟೇ ಎಂಬುದೂ ಕೊಡಕ್ಕಿನ ವಾದಗಳಲ್ಲಿ ಒಂದಾಗಿತ್ತು. 1985ರಲ್ಲಿ ಅದು ಸೋತಿತು; 1986ರ ಜನವರಿಯಲ್ಲಿ ಆ ವ್ಯಾಪಾರದಿಂದಲೇ ಹೊರಬಂತು. 1991ರಲ್ಲಿ 92.5 ಕೋಟಿ ಡಾಲರ್ ತೆತ್ತು ವ್ಯಾಜ್ಯ ಮುಗಿಸಿತು. ಅಂದು ಎದುರಾಳಿಯ ಪೇಟೆಂಟ್ ಗಟ್ಟಿಯಾಗಿ ನಿಂತದ್ದರಿಂದ ಸೋತಿತು, ಕಾಲು ಶತಮಾನದ ಬಳಿಕ ತನ್ನದು ನಿಲ್ಲದ್ದರಿಂದ ಸೋತಿತು.

ನಮ್ಮ ಕಾನೂನು, ನಮ್ಮ ಎಂಜಿನಿಯರು

ಭಾರತದಲ್ಲೂ ಇದೇ ಪ್ರಶ್ನೆಗೆ ನಮ್ಮದೇ ಉತ್ತರಗಳಿವೆ. ಮಿರ್ಜಾಪುರದ ಪಾತ್ರೆ ತಯಾರಕರ ನಡುವಿನ ವ್ಯಾಜ್ಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತು. ಲೇತ್ ಯಂತ್ರದಲ್ಲಿ ಪಾತ್ರೆಯನ್ನು ಹಿಡಿದು ನಿಲ್ಲಿಸುವ ಹೊಸ ವಿಧಾನಕ್ಕೆ ಪಡೆದ ಪೇಟೆಂಟ್ ಅದು. ಅದು ಕಾರ್ಯಾಗಾರದ ಸಾಮಾನ್ಯ ಸುಧಾರಣೆಯನ್ನು ಮೀರಿಲ್ಲವೆಂದು ಹೇಳಿ ನ್ಯಾಯಾಲಯ ಪೇಟೆಂಟನ್ನು ಅಸಿಂಧುಗೊಳಿಸಿತು. ಇಂದಿಗೂ ನಮ್ಮ ನ್ಯಾಯಾಲಯಗಳು ಆ ತೀರ್ಪನ್ನೇ ಆಧಾರವಾಗಿ ಹಿಡಿಯುತ್ತವೆ.

1970ರ ಪೇಟೆಂಟ್ ಕಾಯ್ದೆಗೆ ಬಂದ ತಿದ್ದುಪಡಿಗಳ ನಂತರ 'ಆವಿಷ್ಕಾರಕ ಹೆಜ್ಜೆ'ಗೆ ಶಾಸನಬದ್ಧ ವ್ಯಾಖ್ಯೆ ಇದೆ. ಇರುವ ಜ್ಞಾನಕ್ಕಿಂತ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಅಥವಾ ಎರಡೂ ಇರಬೇಕು. ಜೊತೆಗೆ ಆ ವಿದ್ಯೆಯಲ್ಲಿ ನುರಿತವನಿಗೆ ಅದು ಸಹಜವಾಗಿ ಹೊಳೆಯುವಂತಿರಬಾರದು. ಹಣ ತಂದುಕೊಡುತ್ತದೆ ಎಂಬುದೊಂದೇ ಸಾಲದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಇನ್ನೂ ಮುಖ್ಯವಾದದ್ದು ದೆಹಲಿ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಅಗ್ರಿಬೋರ್ಡ್ ಪ್ರಕರಣದಲ್ಲಿ ಹೇಳಿದ ಮಾತು. ಆವಿಷ್ಕಾರಕ ಹೆಜ್ಜೆ ಇಲ್ಲವೆಂದು ಅರ್ಜಿ ತಿರಸ್ಕರಿಸುವ ಅಧಿಕಾರಿ ಮೂರು ಸಂಗತಿಗಳನ್ನು ಪರಿಶೀಲಿಸಲೇಬೇಕು: ಪೂರ್ವಜ್ಞಾನ ಏನನ್ನು ಹೇಳುತ್ತದೆ, ಅರ್ಜಿ ಏನನ್ನು ಹೇಳುತ್ತದೆ, ಮೊದಲನೆಯದರಿಂದ ಎರಡನೆಯದಕ್ಕೆ ಪರಿಣತನೊಬ್ಬ ಹೇಗೆ ಸಹಜವಾಗಿ ಬರುತ್ತಾನೆ. 'ಇದು ಸಹಜ' ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವಂತಿಲ್ಲ.

ಬೆಂಗಳೂರಿನ ಸಂಶೋಧನಾ ಕೇಂದ್ರಗಳಲ್ಲಿ ಫೋನ್ ಕ್ಯಾಮೆರಾದ ತಂತ್ರಾಂಶ, ವೈದ್ಯಕೀಯ ಸ್ಕ್ಯಾನಿಂಗ್ ಉಪಕರಣ, ಉಪಗ್ರಹ ಚಿತ್ರಗಳ ಸಂಸ್ಕರಣೆಯ ಕೆಲಸ ನಿರಂತರವಾಗಿ ನಡೆದಿದೆ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಅಲ್ಲಿನ ಆದೇಶಗಳ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ ಹೋಗುತ್ತದೆ. ಇಲ್ಲಿನ ಎಂಜಿನಿಯರಿಗೆ ಕೊಡಕ್ ಪ್ರಕರಣದ ಪಾಠ ಸ್ಪಷ್ಟ. ಪೇಟೆಂಟ್ ಪತ್ರ ಕೈಗೆ ಬಂದದ್ದು ಕೊನೆಯಲ್ಲ. ಸಮಸ್ಯೆ ಏನಿತ್ತು, ಯಾವ ದಾರಿಗಳನ್ನು ಹಿಡಿದು ಸೋತೆವು, ಗೆದ್ದ ದಾರಿ ಯಾಕೆ ಅನಿರೀಕ್ಷಿತವಾಗಿತ್ತು ಎಂಬುದನ್ನು ದಿನಾಂಕ ಸಹಿತ ಬರೆದಿಡಬೇಕು. 15 ವರ್ಷಗಳ ನಂತರ ನ್ಯಾಯಾಧೀಶರನ್ನು ಆ ದಿನಕ್ಕೆ ಕರೆದೊಯ್ಯಬಲ್ಲದ್ದು ಅಂಥ ಟಿಪ್ಪಣಿ ಪುಸ್ತಕವೇ.

ಇನ್ನೊಬ್ಬರ ಪೇಟೆಂಟಿಗೆ ಹೆದರಿ ಕೈಕಟ್ಟಿ ಕೂರುವ ಸಣ್ಣ ಉದ್ಯಮಗಳಿಗೂ ಪಾಠವಿದೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮೊದಲು, ಯಾರು ಬೇಕಾದರೂ ಆಕ್ಷೇಪ ಸಲ್ಲಿಸಲು ನಮ್ಮ ಕಾಯ್ದೆ ಅವಕಾಶ ಕೊಟ್ಟಿದೆ. ಆಕ್ಷೇಪಕ್ಕೆ ಹುರುಳು ಬರುವುದು ಹಳೆಯ ದಾಖಲೆಯನ್ನು ತಂದು ತೋರಿಸಿದಾಗ ಮಾತ್ರ.

ಕೊಡಕ್ ಕ್ಲೇಮಿನ ಅವಧಿ ಎಂದೋ ಮುಗಿದಿದೆ. ಈಗ ಅದು ಎಲ್ಲರದು. ಆಯೋಗದ ಅಂತಿಮ ತೀರ್ಮಾನ ಸಮರ್ಥನೀಯವೆಂದೇ ಈ ಲೇಖಕನಿಗೆ ಅನ್ನಿಸುತ್ತದೆ. ಬಿಡಿಭಾಗಗಳೆಲ್ಲ ಕೈಯಲ್ಲಿದ್ದವು, ಜೋಡಿಸಲು ಕಾರಣವೂ ಕಣ್ಣೆದುರಿತ್ತು. ನಾಳೆ ಹೇಗೂ ಬರುತ್ತಿದ್ದುದಕ್ಕೆ ಇಪ್ಪತ್ತು ವರ್ಷ ಬೇಲಿ ಹಾಕಿದರೆ ಅದರ ಬಾಡಿಗೆ ಕಟ್ಟುವವನು ಫೋನ್ ಕೊಳ್ಳುವ ಸಾಮಾನ್ಯನೇ. ಆದರೆ ನಿಜವಾಗಿ ಹೊಸದನ್ನು ಕಂಡವನಿಂದ ಅದನ್ನು 'ಇಷ್ಟೇ ತಾನೆ' ಎಂದು ಕಿತ್ತುಕೊಂಡರೆ ನಾಳೆ ಹೊಸದನ್ನು ಹುಡುಕುವವರೇ ಇರುವುದಿಲ್ಲ. ಈ ಎರಡು ಅನ್ಯಾಯಗಳ ನಡುವಿನ ಗೆರೆ ಬಹಳ ತೆಳುವಾದದ್ದು. ಆ ದಿನ, ಆ ಪರಿಣತ, ಆ ಭಾಗಗಳನ್ನು ಯಾಕೆ ಜೋಡಿಸುತ್ತಿದ್ದ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡದ ಯಾವ ತೀರ್ಪೂ, ಅದು ಯಾರ ಪರವಾಗಿದ್ದರೂ, ಆ ಗೆರೆಯನ್ನು ಸರಿಯಾಗಿ ಎಳೆದಂತೆ ಆಗುವುದಿಲ್ಲ.